ಆರು ಗಾಡಿ ಹಿಡಿಸಿದ ಹಡಗು

ಇಪ್ಪತ್ತಾರು ವರ್ಷದಿಂದ ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಭಾಗಾಕಾರ ಮಾಡಿದಾಗ ಕೆಳಗೆ ಸೊನ್ನೆ ಬಂದರೆ ನನಗೆ ಇವತ್ತಿಗೂ ಹೊಟ್ಟೆ ತುಂಬ ಉಂಡಷ್ಟು ಸಮಾಧಾನ. ಆ ಸೊನ್ನೆಯ ಆಸೆಗೆ ಬಿದ್ದು ಒಂದು ಭಾನುವಾರ ಮಧ್ಯಾಹ್ನ ಶಹಾಬಾದಿನ ಬೇವಿನ ಮರದ ಕೆಳಗೆ ಮೂರು ಮಂದಿಯ ಎದುರು ಸುಳ್ಳು ಹೇಳಿದೆ. ಬಾಯಿಂದ ಹೇಳಿದ್ದಕ್ಕಿಂತ ಕೈಯಿಂದ ಹೇಳಿದ್ದೇ ಹೆಚ್ಚು. ಪುಸ್ತಕದ ಒಂದು ಸಾಲಿನ ಮೇಲೆ ಅಂಗೈ ಇಟ್ಟೆ, ಅಷ್ಟೇ. ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ನಾವು ಆಡುತ್ತಿದ್ದದ್ದು ಒಂದು ಆಟ. ಐವತ್ತು ದಾಟಿದ ಮಾಸ್ತರನಿಗೆ ಆಟವೇನು ಎಂದು ನನ್ನ ಹೆಂಡತಿ ಕೇಳಿದ್ದಾಳೆ, ಹೆಡ್ ಮಾಸ್ತರು ಕೇಳಿದ್ದಾರೆ, ಸೇಡಂ ಸ್ಟೇಷನ್ನಿನ ಚಹಾದವನೂ ಕೇಳಿದ್ದಾನೆ. ಮೂವರಿಗೂ ಸರಿಯಾಗಿ ಹೇಳಲು ಬಂದಿಲ್ಲ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯನಾಗಿ ಕೂತು ಈಗ ನಾನು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಒಗೆಯುತ್ತಾರೆ. ನಮ್ಮ ಕಥೆ ನಕ್ಷತ್ರಗಳ ನಡುವೆ ಸರಕು ಸಾಗಿಸುವ ಒಂದು ಹಳೆಯ ಹಡಗಿನದು. ಆ ಹಡಗಿಗೆ ಎಷ್ಟು ಕೋಣೆ, ಎಷ್ಟು ಎಣ್ಣೆ, ಹೊಟ್ಟೆಯೊಳಗೆ ಎಷ್ಟು ಮಾಲು ಹಿಡಿಸುತ್ತದೆ ಎಂಬುದಕ್ಕೆಲ್ಲ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಹೈದರಾಬಾದಿನ ಭಾನುವಾರದ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಎತ್ತಿಕೊಂಡು ಬಂದಿದ್ದೆ. ದಾಳದ ಲೆಕ್ಕ ಹತ್ತನೆಯ ತರಗತಿಯ ಸಂಭವನೀಯತೆಗೆ ಬರುತ್ತದೆ ಎಂಬುದು ನನ್ನ ನೆಪ.

ಆಡುವವರು ಮೂವರು. ಒಬ್ಬಳು ವಾಡಿಯ ಸರ್ಕಾರಿ ಆಸ್ಪತ್ರೆಯ ನರ್ಸ್. ನಮ್ಮ ಶಾಲೆಗೆ ಲಸಿಕೆ ಹಾಕಲು ಬಂದವಳು ಸ್ಟಾಫ್ ರೂಮಿನ ಮೇಜಿನ ಮೇಲೆ ಹಡಗಿನ ಚಿತ್ರ ನೋಡಿ ಸೇರಿಕೊಂಡಳು. ಅವಳಿಗೆ ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ಇನ್ನೊಬ್ಬ ಚಿತ್ತಾಪುರ ಕೋರ್ಟಿನ ಟೈಪಿಸ್ಟ್, ಚಿಂಚೋಳಿ ಕಡೆಯವನು, ಸಿಟ್ಟು ಬಂದರೆ ಅರ್ಧ ತೆಲುಗಿನಲ್ಲಿ ಬೈಯುವವನು. ಮೂರನೆಯವರು ಭಂಕೂರಿನ ಚಾಚಾ. ಈ ಕಥೆ ಅವರದು. ಅವರಿಗೆ ನಾನು ಮಾಡಿದ್ದು ಈ ಕಥೆ.

ಚಾಚಾ ನಲವತ್ತು ವರ್ಷ ಪರ್ಸಿ ಕಲ್ಲಿನ ಕೆಲಸ ಮಾಡಿದವರು. ನಮ್ಮ ಕಡೆ ಮನೆಮನೆಯ ನೆಲಕ್ಕೂ ಅದೇ ಚಪ್ಪಟೆ ಕಲ್ಲು. ಗಣಿಯಿಂದ ಎದ್ದ ಕಲ್ಲನ್ನು ಲಾರಿಗೆ ತುಂಬಿಸುವುದು ಅವರ ಕೆಲಸ, ಆಗಾಗ ನೆಲ ಹಾಸುವುದೂ. ಶಾಲೆಯ ವರಾಂಡಕ್ಕೆ ಕಲ್ಲು ಹಾಸಲು ಬಂದಾಗ ಅವರನ್ನು ನಾನು ಮೊದಲು ನೋಡಿದ್ದು. ಎಷ್ಟು ಕಲ್ಲು ಬೇಕೆಂದು ನಾನು ಟೇಪು ಹಿಡಿದು, ಉದ್ದ ಅಗಲ ಗುಣಿಸಿ, ಭಾಗಿಸಿ, ನಲವತ್ತು ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಚಾಚಾ ಕಂಬಕ್ಕೆ ಒರಗಿ ನಿಂತು ವರಾಂಡದ ಈ ತುದಿಯಿಂದ ಆ ತುದಿಗೆ ಒಂದು ಸಲ ಕಣ್ಣಾಡಿಸಿ, ನಲವತ್ತೆರಡೂವರೆ ಎಂದರು. ಹಾಸಿ ಮುಗಿದಾಗ ಹತ್ತಿದ್ದು ನಲವತ್ತೆರಡು ಮತ್ತೊಂದು ಅರ್ಧ. ಕಂಬದ ಸುತ್ತ ಕತ್ತರಿಸುವಾಗ ಒಡೆಯುವ ಕಲ್ಲು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಅವರು ನನ್ನನ್ನು ಹಂಗಿಸಲಿಲ್ಲ, ನಕ್ಕೂ ಇಲ್ಲ. ಆದರೆ ಒಂಬತ್ತನೆಯ ತರಗತಿಯ ಹುಡುಗರು ನೋಡಿದ್ದರು. ಆವತ್ತೇ ನನ್ನ ಹೊಟ್ಟೆಯಲ್ಲಿ ಒಂದು ಸಣ್ಣ ಕಿಚ್ಚು ಹತ್ತಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಾನೇ ಮಕ್ಕಳಿಗೆ ಹೇಳುತ್ತಿದ್ದವನು. ಆ ಮುಕ್ಕಾಲು ಎದುರಿಗೆ ಬಂದು ನಿಂತಾಗ ನನಗೆ ಸೇರಲಿಲ್ಲ.

ಆದರೂ ಆಟಕ್ಕೆ ಕರೆದವನು ನಾನೇ. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ದಾಳಗಳನ್ನು ನೋಡಿ ಇವು ಯಾವ ಆಟದ್ದು ಎಂದು ಕೇಳಿದರು. ಹೇಳಿದೆ. ಹಡಗಿನ ಹೊಟ್ಟೆಗೆ ಮಾಲು ತುಂಬುವವನು ಯಾರೂ ಇಲ್ಲವೇ ಎಂದರು. ಇಲ್ಲ ಎಂದೆ. ಹಾಗಾದರೆ ಹಡಗು ಹೇಗೆ ನಡೆದೀತು ಎಂದು ನಿಜವಾಗಿ ಚಿಂತೆಗೆ ಬಿದ್ದರು. ಮುಂದಿನ ಭಾನುವಾರದಿಂದ ಅವರೇ ಆ ಹಡಗಿನ ಮಾಲು ತುಂಬುವ ಆಳಾದರು.

ಆಡುವ ಜಾಗವೂ ಅವರದೇ ಕೊಡುಗೆ. ಶಹಾಬಾದಿನಲ್ಲಿ ಅವರ ಷಡ್ಡಕನ ಕಲ್ಲಿನ ಅಂಗಳವಿದೆ, ಭಾನುವಾರ ಮಷೀನು ಬಂದ್. ಕಲ್ಲಿನ ಎರಡು ಅಟ್ಟಿಗಳ ಮೇಲೆ ಆಳೆತ್ತರದ ಒಂದು ಪರ್ಸಿ ಕಲ್ಲು ಅಡ್ಡ ಹಾಕಿ ಮೇಜು ಮಾಡಿದರು. ಅದರ ಮೇಲೆ ಸೀಮೆಸುಣ್ಣದಿಂದ ಹಡಗಿನ ನಕ್ಷೆ ಬರೆಯುತ್ತಿದ್ದೆವು, ಸಾಕಾದಾಗ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆವು. ಎರಡು ವಾರಕ್ಕೊಮ್ಮೆ ನಾನು ಮನೆಯಿರುವ ಸೇಡಮ್ಮಿನಿಂದ ಪ್ಯಾಸೆಂಜರ್ ರೈಲು ಹತ್ತುವುದು, ಚಿತ್ತಾಪುರದಲ್ಲಿ ಟೈಪಿಸ್ಟ್ ಹತ್ತುವುದು, ವಾಡಿಯಲ್ಲಿ ಗಾಡಿ ಬದಲಿಸುವಾಗ ಸಿಸ್ಟರ್ ಪುಟಾಣಿ ಚಟ್ನಿ ಹಚ್ಚಿದ ರೊಟ್ಟಿ ಕಟ್ಟಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವುದು, ಇದು ಮೂರು ವರ್ಷ ನಡೆಯಿತು. ನನ್ನ ಬದುಕಿನಲ್ಲಿ ಅಷ್ಟು ಖುಷಿಯ ಭಾನುವಾರಗಳು ಬೇರೆ ಇರಲಿಲ್ಲ.

ಪ್ರತಿಯೊಬ್ಬ ಆಟಗಾರನಿಗೂ ಒಂದು ಹಾಳೆ ಇರುತ್ತದೆ. ಅವನ ಮನುಷ್ಯನ ಶಕ್ತಿ ಎಷ್ಟು, ಕಸುಬು ಏನು, ಏನೇನು ಕಂಡಿದ್ದಾನೆ, ಎಲ್ಲ ಅದರಲ್ಲಿ. ಚಾಚಾ ಓದಿದ್ದು ಐದನೆಯ ತರಗತಿ, ಅದೂ ಉರ್ದು. ಅವರ ಹಾಳೆಯನ್ನು ಕಾಲೇಜು ಓದುವ ಮಗಳು ಬರೆದುಕೊಡುತ್ತಿದ್ದಳು. ಪ್ರತಿ ಆಟದ ಮರುದಿನ ಅಪ್ಪ ಹೇಳುವುದು, ಮಗಳು ಬರೆಯುವುದು. ಮೂರು ವರ್ಷದಲ್ಲಿ ಒಂದು ಹಾಳೆ ಇಪ್ಪತ್ತಾಗಿ, ದಾರ ಹಾಕಿ ಹೊಲಿದ ಪುಸ್ತಕವಾಗಿತ್ತು. ಒಮ್ಮೆ ಹಡಗುಗಳ ಚಿತ್ರ ಮಗಳಿಗೆ ತೋರಿಸಬೇಕು ಎಂದು ನನ್ನ ದಪ್ಪ ಪುಸ್ತಕವನ್ನೂ ಒಂದು ವಾರ ಒಯ್ದಿದ್ದರು. ವಾಪಸು ಕೊಡುವಾಗ ಅದಕ್ಕೆ ಕ್ಯಾಲೆಂಡರಿನ ರಟ್ಟು ಹಾಕಿ ತಂದಿದ್ದರು.

ಈಗ ಆ ಭಾನುವಾರ. ಧೂಳಿನ ಒಂದು ಗ್ರಹ, ಅಲ್ಲಿ ಆರು ಮನೆತನ. ಮನೆ ಎಂದರೆ ಗಾಡಿಯೇ, ಒಳಗೆ ಗಾಳಿ ತುಂಬಿದ ಆರು ದೊಡ್ಡ ಗಾಡಿಗಳು, ಇಳಿದರೆ ಉಸಿರಿಲ್ಲ. ದೊಡ್ಡ ಬಿರುಗಾಳಿ ಬರುತ್ತಿದೆ. ನಮ್ಮ ಹಡಗು ಆ ಆರೂ ಗಾಡಿಗಳನ್ನು ಹೊಟ್ಟೆಯಲ್ಲಿ ಹಾಕಿಕೊಂಡು ಹೊರಡಬೇಕು. ಮುಂದಿನ ನಾಲ್ಕು ಭಾನುವಾರಕ್ಕೆ ನಾನು ಬರೆದಿಟ್ಟ ಕಥೆಯೆಲ್ಲ ಆರು ಮನೆತನದ ಮೇಲೆ ನಿಂತಿತ್ತು.

ಲೆಕ್ಕ ಮೊದಲೇ ಮಾಡಿದ್ದೆ. ಹಡಗಿನ ಹೊಟ್ಟೆ ಅರವತ್ತು ಅಡಿ ಉದ್ದ, ಇಪ್ಪತ್ತೆರಡು ಅಡಿ ಅಗಲ. ಒಂದು ಗಾಡಿ ಇಪ್ಪತ್ತು ಅಡಿ ಉದ್ದ, ಹನ್ನೊಂದು ಅಡಿ ಅಗಲ. ಉದ್ದಕ್ಕೆ ಮೂರು, ಅಗಲಕ್ಕೆ ಎರಡು, ಒಟ್ಟು ಆರು. ಶೇಷ ಸೊನ್ನೆ. ಮನೆಯಲ್ಲಿ ರಟ್ಟು ಕತ್ತರಿಸಿ ಆರು ತುಂಡು ಮಾಡಿಕೊಂಡು ಹೋಗಿದ್ದೆ. ಕಲ್ಲಿನ ಮೇಲೆ ಹೊಟ್ಟೆಯ ಗೆರೆ ಎಳೆದು ಆರನ್ನೂ ಜೋಡಿಸಿ ತೋರಿಸಿದೆ. ಗೋಡೆಗೆ ಗೋಡೆ, ಮೂತಿಗೆ ಬಾಲ, ಒಂದು ಕೂದಲೂ ಹೆಚ್ಚು ಕಡಿಮೆ ಇಲ್ಲ. ಟೈಪಿಸ್ಟ್ ವಾಹ್ ಎಂದ. ನನಗೆ ಎದೆಯುಬ್ಬಿತು.

ಚಾಚಾ ಆ ರಟ್ಟಿನ ತುಂಡುಗಳನ್ನು ನೋಡಿದರು. ಆಮೇಲೆ ನೆಲದಿಂದ ಒಂದು ಬೇವಿನ ಬೀಜ ಎತ್ತಿ ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸಿದರು.

"ಇವ ನನ್ನ ಆಳು. ಗಾಡಿ ಒಳಗ ಬಂದ ಮ್ಯಾಲೆ ಒಂದೊಂದಕ್ಕೂ ಹಗ್ಗ ಬಿಗೀಬೇಕು. ಇವ ಎಲ್ಲಿ ನಿಂದರಬೇಕ್ರಿ ಸರ್?"

ಕಲ್ಲು ತುಂಬುವಾಗ ಅವರ ಪದ್ಧತಿಯೇ ಅದು. ಪರ್ಸಿ ಕಲ್ಲನ್ನು ಲಾರಿಯಲ್ಲಿ ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸುತ್ತಾರೆ, ನಡುವೆ ಹುಲ್ಲು ತುರುಕುತ್ತಾರೆ. ಆದರೆ ಮೊದಲ ಕಲ್ಲು ನಿಲ್ಲಿಸುವ ಮುಂಚೆ ಒಳಗೆ ನಿಂತ ಆಳು ಹೊರಗೆ ಬರುವ ದಾರಿ ಯಾವುದೆಂದು ನೋಡುತ್ತಾರೆ. ದಾರಿ ಬಿಟ್ಟು ಉಳಿದ ಜಾಗ ಕಲ್ಲಿಗೆ. ಇದನ್ನು ಅವರು ಆವತ್ತು ಸಮಾಧಾನವಾಗಿ ವಿವರಿಸಿದರು. ಈ ಹೊಟ್ಟೆಯಲ್ಲಿ ಹಿಡಿಸುವುದು ಮೂರು ಗಾಡಿ, ಜೀವ ಬಿಗಿಹಿಡಿದರೆ ನಾಲ್ಕು, ಉಳಿದದ್ದಕ್ಕೆ ಇನ್ನೊಂದು ಸುತ್ತು ಬರಬೇಕು ಎಂದರು.

ಮೂರು. ನನ್ನ ಆರಕ್ಕೆ ನೇರ ಅರ್ಧ. ವರಾಂಡದ ನಲವತ್ತೆರಡೂವರೆ ಕಲ್ಲು ಒಂದೇ ಸಲಕ್ಕೆ ನನ್ನ ತಲೆಯ ಮೇಲೆ ಬಿದ್ದವು. ನಾನು ನಕ್ಕೆ. ಚಾಚಾ, ಇದು ಭಂಕೂರಿನ ಲಾರಿಯಲ್ಲ, ಆಕಾಶದ ಹಡಗು ಎಂದೆ. ಟೈಪಿಸ್ಟ್ ನಕ್ಕ, ಸಿಸ್ಟರ್ ನಗಲಿಲ್ಲ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೇಷ್ಟೆಯಾಗಿ ಮುಗಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. ಪುಸ್ತಕ ಬರೆದವರು ದಡ್ಡರಲ್ಲ, ಅದು ಇಂಗ್ಲಿಷಿನಲ್ಲಿದೆ, ನಿಮಗೆ ತಿಳಿಯುವುದಿಲ್ಲ ಬಿಡಿ ಎಂದೆ. ಮಾತು ಆಡಿದರೆ ಹೋಯ್ತು ಎನ್ನುತ್ತಾರೆ. ನನ್ನದು ಹೋಗಲಿಲ್ಲ, ಆ ಕಲ್ಲಿನ ಮೇಲೆ ಎಲ್ಲರ ನಡುವೆ ಕೂತುಬಿಟ್ಟಿತು.

ಚಾಚಾ ಮುಖ ಸಣ್ಣ ಮಾಡಲಿಲ್ಲ. "ಪುಸ್ತಕದಾಗ ಏನದ ಓದ್ರಿ ಸರ್," ಎಂದರು. "ಅದ್ರಾಗ ಇದ್ದಂಗ ಮಾಡೋಣು."

ಪುಟ ತೆಗೆದೆ. ಆ ಭಾಗವನ್ನು ಮೂರು ಸಲ ಓದಿದ್ದೆ ಎಂದುಕೊಂಡಿದ್ದೆ. ಮೇಲಿನ ಪ್ಯಾರಾದಲ್ಲಿ ಹೊಟ್ಟೆಯ ಅಳತೆಯನ್ನು ಗಾಡಿಯ ಅಳತೆಯಿಂದ ಭಾಗಿಸಬೇಕು ಎಂದಿತ್ತು, ಅದು ನನ್ನ ಲೆಕ್ಕವೇ. ಗಟ್ಟಿಯಾಗಿ ಓದುತ್ತ ಕೆಳಗೆ ಬಂದೆ. ಆಗ ಕಣ್ಣಿಗೆ ಬಿತ್ತು ಅದರ ಕೆಳಗಿನ ಒಂದು ಸಾಲು. ಪ್ರತಿ ಗಾಡಿಗೂ ಅದರ ಎರಡು ಪಟ್ಟು ಜಾಗ ಎಂದು ಲೆಕ್ಕ ಹಿಡಿಯಬೇಕು, ಬಾಗಿಲು ತೆರೆಯಲು, ಕಟ್ಟಲು, ಜನ ಸುತ್ತ ಓಡಾಡಲು. ಎರಡು ಪಟ್ಟು ಎಂದರೆ ಆರರ ಅರ್ಧ. ಮೂರು. ಭಂಕೂರಿನ ಲಾರಿಯ ಮೂರು.

ಆ ಸಾಲು ಓದಲು ಎರಡು ಉಸಿರು ಸಾಕಿತ್ತು. ನಾನು ಅದರ ಮೇಲೆ ಅಂಗೈ ಇಟ್ಟೆ, ಪುಟ ಗಾಳಿಗೆ ಹಾರದಂತೆ ಹಿಡಿದವನ ಹಾಗೆ. ಇಂಗ್ಲಿಷ್ ಬರುವವನು ನಾನೊಬ್ಬನೇ ಎಂದುಕೊಂಡಿದ್ದೆ. ಸಿಸ್ಟರ್‌ಗೆ ಔಷಧದ ಇಂಗ್ಲಿಷ್, ಟೈಪಿಸ್ಟ್‌ನಿಗೆ ಕೋರ್ಟಿನ ಇಂಗ್ಲಿಷ್, ಇಬ್ಬರೂ ಈ ಪುಸ್ತಕದ ಗೊಡವೆಗೆ ಬರುತ್ತಿರಲಿಲ್ಲ. ಮೇಲಿನ ಪ್ಯಾರಾವನ್ನು ಕನ್ನಡದಲ್ಲಿ ಹೇಳಿ, ಇಷ್ಟೇ ಇರುವುದು ಎಂದೆ.

ಚಾಚಾ ನನ್ನ ಕೈಯನ್ನು ನೋಡಿದರು. ಆಮೇಲೆ ನನ್ನನ್ನು. "ಪುಸ್ತಕದಾಗ ಹಂಗಿದ್ರ ಮುಗೀತು," ಎಂದರು.

ನಾನು ಕಥೆ ನಡೆಸಿದೆ. ಗಾಡಿಗಳು ಒಂದರ ಹಿಂದೆ ಒಂದು ಹಡಗಿನೊಳಗೆ ಬಂದವು. ಚಾಚಾ ಒಂದೊಂದು ರಟ್ಟನ್ನೂ ತಾವೇ ತಳ್ಳಿ, ತಮ್ಮ ಆಳು ಹಗ್ಗ ಬಿಗಿಯುವುದನ್ನು ಹೇಳುತ್ತ ಹೋದರು. ಬೇವಿನ ಬೀಜ ಒಳಗೇ ಇತ್ತು. ಆರನೆಯ ರಟ್ಟು ಬರುವ ಹೊತ್ತಿಗೆ ಅದಕ್ಕೆ ಉಳಿದದ್ದು ಹಿಂದಿನ ಗೋಡೆಯ ಮೂಲೆ. ಆರನೆಯದನ್ನು ತಳ್ಳಿದರು. ಬೀಜ ರಟ್ಟಿಗೂ ಗೆರೆಗೂ ನಡುವೆ ಸಿಕ್ಕಿ ಸ್ವಲ್ಪ ಮೇಲೆದ್ದಿತು.

ಬಾಗಿಲು ಮುಚ್ಚಿದರೆ ಹೊಟ್ಟೆಯಲ್ಲಿ ಗಾಳಿಯಿಲ್ಲ ಎಂಬುದು ನಮ್ಮ ಹಡಗಿನ ನಿಯಮ. ಹೊರಗೆ ಬಿರುಗಾಳಿ, ಮತ್ತೆ ತೆರೆಯುವ ಹಾಗಿಲ್ಲ, ಆಳು ಯಾವುದಾದರೂ ಗಾಡಿಯೊಳಗೆ ಸೇರೋಣವೆಂದರೆ ಅದರ ಬಾಗಿಲು ತೆರೆಯಲೂ ಜಾಗವಿಲ್ಲ. ಗಾಡಿಗಳ ಕೆಳಗೆ ತೂರಿ ಬರಲಿ ಎಂದು ಸಿಸ್ಟರ್ ಅಂದಳು. ಟೈಪಿಸ್ಟ್ ದಾಳ ಎತ್ತಿ ಚಾಚಾನ ಕೈಗೆ ಕೊಡಲು ಹೋದ. ಇಬ್ಬರೂ ನನ್ನ ಮುಖ ನೋಡಿದರು. ಕಥೆ ಹೇಳುವವನು ಹೂಂ ಅಂದರೆ ಸಾಕಿತ್ತು. ನಾನು ಹೂಂ ಅನ್ನಲಿಲ್ಲ. ದಾಳ ಒಗೆಯಿರಿ ಎಂದರೆ ಆಳಿಗೆ ದಾರಿ ಇಲ್ಲ ಎಂದು ಒಪ್ಪಿದ ಹಾಗೆ, ಆಗ ಆರೂ ಗಾಡಿ ಅಲ್ಲಾಡುತ್ತಿದ್ದವು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೇಗೆ ಬರುತ್ತೀರಿ ನೀವೇ ಹೇಳಿ ಎಂದು ಚಾಚಾನ ಮೇಲೆಯೇ ಹಾಕಿದೆ.

ಅವರು ದಾಳವನ್ನು ವಾಪಸು ಕಲ್ಲಿನ ಮೇಲಿಟ್ಟರು. "ನಡುವ ಸಿಕ್ಕಾವ ದಾಳ ಒಗೆಯಂಗಿಲ್ಲರಿ," ಎಂದರು. ಸತ್ತ ಆಳಿನ, ದಾರ ಹಾಕಿ ಹೊಲಿದ ಆ ಇಪ್ಪತ್ತು ಹಾಳೆಗಳನ್ನು ಎರಡಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಆಮೇಲೆ ಎದ್ದು ನಮಗೆಲ್ಲ ಚಹಾ ತಂದುಕೊಟ್ಟರು. ಹಡಗು ಆರು ಮನೆತನವನ್ನು ಹೊತ್ತು ಹಾರಿತು. ನನ್ನ ಕಥೆ ಉಳಿಯಿತು.

ವಾಪಸು ಬರುವಾಗ ರೈಲಿನಲ್ಲಿ ಸಿಸ್ಟರ್ ವಾಡಿಯವರೆಗೆ ನನ್ನ ಎದುರಿಗೇ ಕೂತಿದ್ದಳು. ಇಳಿಯುವ ಮುಂಚೆ, ಚಾಚಾನ ಎಡಗೈ ನೋಡಿದ್ದೀರಾ ಎಂದು ಕೇಳಿದಳು. ನೋಡಿದ್ದೆ. ಎರಡು ಬೆರಳಿಲ್ಲ. ಮೂರು ವರ್ಷ ಆ ಮೂರು ಬೆರಳು ದಾಳ ಒಗೆಯುವುದನ್ನು ನೋಡಿದ್ದೆ, ಹೇಗೆ ಹೋದವು ಎಂದು ಒಂದು ದಿನ ಕೇಳಿರಲಿಲ್ಲ. ಅವಳು ಮೊದಲ ಭಾನುವಾರವೇ ಕೇಳಿದ್ದಳಂತೆ. ಇಪ್ಪತ್ತು ವರ್ಷದವರಿದ್ದಾಗ, ಇನ್ನೂ ನಾಲ್ಕು ಕಲ್ಲು ಹಿಡಿಸುತ್ತವೆ ಎಂದು ಯಾರೋ ಕೆಳಗೆ ನಿಂತು ಎಣಿಸಿ ಹೇಳಿದರು. ಚಾಚಾ ಲಾರಿಯ ಒಳಗಿದ್ದರು, ಕಲ್ಲುಗಳ ನಡುವೆ. ಆ ಯಾರೋ ಯಾರೆಂದು ನಾನು ಕೇಳಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ಮುಂದಿನ ಸಲ ಚಾಚಾ ಬರಲಿಲ್ಲ. ಬೀಗರ ಮನೆಯಲ್ಲಿ ಮದುವೆ ಎಂದು ಫೋನಿನಲ್ಲಿ ಹೇಳಿದರು. ಅದರ ಮುಂದಿನ ಸಲ ಮೊಣಕಾಲು ನೋವು. ಮೂರನೆಯ ಸಲ ನಾನು ಫೋನು ಮಾಡಲಿಲ್ಲ. ಅವರಿಲ್ಲದೆ ಅವರ ಷಡ್ಡಕನ ಅಂಗಳಕ್ಕೆ ಹೋಗುವುದು ಹೇಗೆ? ಆಟ ವಾಡಿಯಲ್ಲಿ ಸಿಸ್ಟರ್‌ನ ಕ್ವಾರ್ಟರ್ಸಿಗೆ ಬಂತು, ಪ್ಲಾಸ್ಟಿಕ್ ಟೇಬಲ್ಲಿನ ಮೇಲೆ. ಆರು ಮನೆತನದ ಕಥೆ ಎರಡು ಭಾನುವಾರ ಕುಂಟಿ ನಿಂತುಹೋಯಿತು. ಹಡಗಿನ ಹೊಟ್ಟೆಯಲ್ಲಿ ಒಬ್ಬ ಸತ್ತ ಆಳಿದ್ದ, ಯಾರಿಗೂ ಆ ಗಾಡಿಗಳ ಬಾಗಿಲು ತೆರೆಸುವ ಮನಸ್ಸಿರಲಿಲ್ಲ.

ತಪ್ಪು ಒಪ್ಪಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ಭಂಕೂರಿಗೆ ಶಹಾಬಾದಿನಿಂದ ಟಂಟಂ ಆಟೋ ಸಿಗುತ್ತದೆ. ಎಂಟು ತಿಂಗಳು ನನಗೆ ಟಂಟಂ ಸಿಗಲಿಲ್ಲ. ಆಟದ ವಿಷಯ, ಇಷ್ಟಕ್ಕೆಲ್ಲ ಯಾರು ಹೋಗುತ್ತಾರೆ ಎಂದುಕೊಂಡೆ. ನಾನೇ ಆರು ಮನೆತನ ಉಳಿಸಿದವನು ಎಂದೂ ಒಂದು ದಿನ ಅಂದುಕೊಂಡೆ. ನಾಚಿಕೆಗೇಡಿಗೆ ಕಾರಣಗಳಿಗೇನು ಬರ.

ಕೊನೆಗೆ ನನ್ನನ್ನು ಎಬ್ಬಿಸಿದ್ದು ಸೈಕಲ್ಲು. ಶಾಲೆಯಲ್ಲಿ ಮಕ್ಕಳ ಸೈಕಲ್ ನಿಲ್ಲಿಸಲು ಒಂದು ತಗಡಿನ ಶೆಡ್ಡಿದೆ. ಎಷ್ಟು ಹಿಡಿಸುತ್ತವೆ, ಹೇಗೆ ನಿಲ್ಲಿಸಬೇಕು ಎಂಬುದನ್ನು ಹೆಡ್ ಮಾಸ್ತರು ಗಣಿತದ ಮಾಸ್ತರನಿಗೇ ವಹಿಸಿದರು. ನಾನು ಮತ್ತೆ ಭಾಗಿಸಿದೆ. ಮತ್ತೆ ಸೊನ್ನೆ ಬಂತು. ಸುಣ್ಣದ ಗೆರೆ ಹಾಕಿಸಿ, ಬಂದವರು ಬಂದ ಹಾಗೆ ಹಿಂದಿನ ಗೋಡೆಯಿಂದ ನಿಲ್ಲಿಸುತ್ತ ಬರಬೇಕು ಎಂದು ಪ್ರಾರ್ಥನೆಯಲ್ಲಿ ಹೇಳಿದೆ. ಎರಡು ವಾರವಾದ ಮೇಲೆ ಒಂದು ಸಂಜೆ ಶಾಲೆ ಬಿಟ್ಟು ಬಹಳ ಹೊತ್ತಾದ ಮೇಲೂ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಶೆಡ್ಡಿನ ಕಂಬ ಹಿಡಿದು ನಿಂತಿದ್ದಳು. ಏಕೆ ಹೋಗಿಲ್ಲ ಎಂದು ಗದರಿದೆ. ಅವಳ ಸೈಕಲ್ಲು ಹಿಂದಿನ ಗೋಡೆಯ ಹತ್ತಿರ, ಮುಂದೆ ಇನ್ನೂ ಐದು ಸೈಕಲ್ಲು, ಮೈದಾನದಲ್ಲಿ ಆಡುತ್ತಿದ್ದ ಹುಡುಗರದು.

"ನಾ ಎಲ್ಲಾರಕಿಂತ ಮೊದ್ಲ ಬರ್ತೀನ್ರಿ ಸರ್," ಎಂದಳು. "ಅದಕ್ಕ ದಿನಾ ಕಡೀಗ ಹೋಗ್ತೀನಿ."

ದೂರು ಹೇಳುವ ದನಿಯೂ ಅಲ್ಲ ಅದು. ಮಾಸ್ತರು ಹೇಳಿದ್ದಾರೆ ಎಂದ ಮೇಲೆ ಹೀಗೇ ಇರಬೇಕು ಎಂದು ನಂಬಿದ ದನಿ. ನಾನೇ ಒಳಗೆ ಹೋಗಿ ಐದು ಸೈಕಲ್ಲು ಎತ್ತಿಟ್ಟು ಅವಳದನ್ನು ಹೊರಗೆ ತಂದೆ. ಪ್ಯಾಂಟಿಗೆ ಚೈನಿನ ಎಣ್ಣೆ ಹತ್ತಿತು. ಮರುದಿನ ನಡುವೆ ದಾರಿ ಬಿಡಿಸಿ ಹೊಸ ಗೆರೆ ಹಾಕಿಸಿದೆ, ಅರ್ಧ ಸೈಕಲ್ಲು ಹೊರಗೆ ಬಂದವು. ಆ ಭಾನುವಾರ ಪುಸ್ತಕ ಹಿಡಿದು ಭಂಕೂರಿಗೆ ಹೋದೆ.

ಚಾಚಾ ಬಾಗಿಲಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮೊಣಕಾಲು ನೋವು ನಿಜವೇ ಇತ್ತು, ಅದಕ್ಕೂ ನಾಚಿಕೆಯಾಯಿತು. ಬರ್ರಿ ಸರ್, ಕುಂದ್ರಿ ಎಂದು ಜಾಗ ಮಾಡಿದರು. ಮಗಳು ಚಹಾ ತಂದಳು. ನಾನು ಎತ್ತರದ ದನಿಯಲ್ಲಿ ಸೈಕಲ್ಲಿನ ಕಥೆ ಹೇಳಿ ನಗಿಸಲು ನೋಡಿದೆ, ಅವರು ಮರ್ಯಾದೆಗೆ ನಕ್ಕರು. ಚಹಾ ಮುಗಿದ ಮೇಲೆ ಇನ್ನು ತಪ್ಪಿಸಿಕೊಳ್ಳಲು ಏನೂ ಉಳಿಯಲಿಲ್ಲ. ಅವತ್ತು ಒಂದು ಸಾಲು ಓದುವುದು ಉಳಿದಿತ್ತು ಎಂದು ಪುಟ ತೆಗೆದು, ಬೆರಳಿಟ್ಟು ಓದಿ, ಕನ್ನಡದಲ್ಲಿ ಹೇಳಿದೆ. ನೀವು ಹೇಳಿದ ಮೂರೇ ಸರಿ, ನನಗೆ ಆವತ್ತೇ ಕಂಡಿತ್ತು, ಕೈ ಮುಚ್ಚಿದೆ ಎಂದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ, ಕ್ಯಾಲೆಂಡರಿನ ರಟ್ಟನ್ನೇ ನೋಡುತ್ತಿದ್ದೆ.

ಅವರು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಆ ಸಾಲ ನನಗ ಗೊತ್ತದರಿ ಸರ್. ಪುಸ್ತಕ ಮನಿಗಿ ತಂದಿದ್ನಲ್ಲ, ಆವಾಗ ಮಗಳು ಓದಿ ಹೇಳಿದ್ಳು. ಅದಕ್ಕ ಅವತ್ತ ನಿಮಗ ಓದ್ರಿ ಅಂದೆ."

ಮಗಳು ಒಳಗೆ ಕಪ್ಪು ತೊಳೆಯುವ ಸದ್ದು ನಿಂತಿತು. ನನಗೆ ನೆಲ ಬಾಯಿ ತೆರೆಯಲಿ ಅನ್ನಿಸಿತು, ಆದರೆ ಅದೂ ಅವರೇ ಹಾಸಿದ ಪರ್ಸಿ ನೆಲ. ಗೊತ್ತಿದ್ದೂ ಏಕೆ ಹೇಳಲಿಲ್ಲ ಎಂದು ಕೇಳಿದೆ. ಹೇಗೆ ಹೇಳಬೇಕು ಎಂದರು. ನೀವು ಮಾಸ್ತರು, ಸಿಸ್ಟರ್ ಕೂತಿದ್ದಳು, ಆ ಕೋರ್ಟಿನ ಹುಡುಗ ಕೂತಿದ್ದ, ಅವರ ಮುಂದೆ ಹೇಳುವುದು ಹೇಗೆ. ಹಾಗಾದರೆ ಆಳನ್ನಾದರೂ ಉಳಿಸಿಕೊಳ್ಳಬಹುದಿತ್ತಲ್ಲ, ಹೇಗೋ ತೂರಿ ಹೊರಗೆ ಬಂದ ಎಂದಿದ್ದರೆ ಮುಗಿಯುತ್ತಿತ್ತು, ಮೂರು ವರ್ಷದ ಆಳು ಎಂದೆ. ನನ್ನ ದನಿಯಲ್ಲಿ ಅವರದೇ ತಪ್ಪೇನೋ ಎಂಬ ಆಕ್ಷೇಪ ಇತ್ತು. ಅದನ್ನೂ ಇಲ್ಲಿ ಬರೆದಿಡುತ್ತೇನೆ.

"ಆರು ತುಂಬಿದ ಮ್ಯಾಲೆ ಆಳು ಹೊರಗ ಬಂದ ಅಂದ್ರ ಅದು ನನ್ನ ಸುಳ್ಳ ಆಗ್ತಿತ್ತು," ಎಂದರು. "ಒಂದ ಆಟಕ್ಕ ಎರಡ ಸುಳ್ಳ ಎದಕ್ರಿ ಸರ್."

ನಾನು ಕೈ ಮುಗಿದೆ. ಅವರು ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು. ಮೂರು ಬೆರಳಿನ ಹಿಡಿತ ಅಷ್ಟು ಗಟ್ಟಿಯಿರುತ್ತದೆಂದು ನನಗೆ ಗೊತ್ತಿರಲಿಲ್ಲ. ವಾಪಸು ಆಟಕ್ಕೆ ಬನ್ನಿ, ಸಿಸ್ಟರ್ ಮತ್ತು ಟೈಪಿಸ್ಟ್ ಎದುರೇ ಎಲ್ಲ ಒಪ್ಪಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಅದೇನೂ ಬೇಡ ಎಂದರು. ಬರುವುದಕ್ಕೆ ಮಾತ್ರ ಒಪ್ಪಿದರು. ಮಗಳು ಬಾಗಿಲವರೆಗೆ ಬಂದಳು, ನನ್ನ ಕಡೆ ನೋಡಲಿಲ್ಲ.

ಎರಡು ವಾರ ಕಳೆದು ಮತ್ತೆ ಶಹಾಬಾದಿನ ಬೇವಿನ ಮರ, ಮತ್ತೆ ಆ ಕಲ್ಲು. ಚಾಚಾ ಒರೆಸಿ ಇಟ್ಟಿದ್ದರು. ಹೊಸ ಹಾಳೆ ತಂದಿದ್ದರು, ಮಗಳ ಅಕ್ಷರ, ಹೊಸ ಆಳು, ಕಸುಬು ಮಾತ್ರ ಅದೇ. ಸಿಸ್ಟರ್ ಖುಷಿಗೆ ನಾಲ್ಕು ರೊಟ್ಟಿ ಹೆಚ್ಚೇ ತಂದಿದ್ದಳು. ನಾನು ಸೇಡಮ್ಮಿನಿಂದ ಉದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಕೂತ ಕೂಡಲೇ ಪುಸ್ತಕ ತೆಗೆದೆ. ಆ ಸಾಲನ್ನು ಓದಿದೆ. ಗಾಡಿಗೆ ಎರಡು ಪಟ್ಟು ಜಾಗ, ಅಂದರೆ ಮೂರು, ಚಾಚಾ ಹೇಳಿದ್ದೇ ಸರಿ, ನನ್ನ ಆರು ತಪ್ಪು ಎಂದೆ. ಅಷ್ಟು ಹೇಳಿದೆ. ಎದೆ ಹಗುರಾಗತೊಡಗಿತ್ತು.

"ಇದು ನಿಮಗ ಯಾವಾಗ ಕಂಡಿತ್ರಿ ಸರ್?" ಸಿಸ್ಟರ್ ಕೇಳಿದಳು.

ಆವತ್ತೇ ಎನ್ನಬೇಕಿತ್ತು. ಬಾಯಿಪಾಠದಲ್ಲಿ ಅದೇ ಇತ್ತು. ಟೈಪಿಸ್ಟ್ ರೊಟ್ಟಿ ಹಿಡಿದ ಕೈಯನ್ನು ಅಲ್ಲಿಗೇ ನಿಲ್ಲಿಸಿ ನನ್ನನ್ನು ನೋಡುತ್ತಿದ್ದ.

"ಮೊನ್ನೆ," ಎಂದೆ. "ಮತ್ತೊಮ್ಮೆ ಓದ್ಲಕತ್ತಿದ್ದೆ, ಆವಾಗ ಕಂಡಿತು."

ಪಾಪ, ಚಾಚಾನ ಆಳು ಸುಮ್ಮಸುಮ್ಮನೆ ಸತ್ತುಹೋದ ಎಂದ ಟೈಪಿಸ್ಟ್. ಇರಲಿ, ಗೊತ್ತಾದ ಕೂಡಲೇ ಹೇಳಿದರಲ್ಲ, ಸರ್ ಮನಸ್ಸು ದೊಡ್ಡದು ಎಂದಳು ಸಿಸ್ಟರ್.

ಚಾಚಾ ತಲೆ ಎತ್ತಲಿಲ್ಲ. ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಹಡಗಿನ ಹೊಟ್ಟೆಯ ಗೆರೆ ಎಳೆದರು. ನನ್ನ ಹಳೆಯ ರಟ್ಟುಗಳಲ್ಲಿ ಮೂರನ್ನು ಆರಿಸಿ, ನಡುವೆ ದಾರಿ ಬಿಟ್ಟು ಇಟ್ಟರು. ನೆಲದಿಂದ ಬೇವಿನ ಬೀಜ ಎತ್ತಿ ಆ ದಾರಿಯಲ್ಲಿ ನಿಲ್ಲಿಸಿದರು. ಆಮೇಲೆ, ಮುಂದ ಹೇಳ್ರಿ ಸರ್ ಎಂದರು, ಮೊದಲಿನ ಹಾಗೇ, ಮರ್ಯಾದೆಯಿಂದ.

ನಾನು ಕಥೆ ಶುರು ಮಾಡಿದೆ. ಒಂದು ಆಟಕ್ಕೆ ಎರಡು ಸುಳ್ಳು ಬೇಡ ಎಂದು ಅವರು ಮೂರು ವರ್ಷದ ತಮ್ಮ ಆಳನ್ನು ಬಿಟ್ಟುಕೊಟ್ಟಿದ್ದರು. ಆ ಎರಡನೆಯದನ್ನೂ ನಾನೇ ಹೇಳಿದೆ.